ಡಬ್ಬಿ ಒಳಗೆ ಹೋಯಿತು, ಹೆಸರು ದಾಖಲೆಗೆ ಬರಲಿಲ್ಲ

“ತಪ್ಪು ಮಾಡದೇ ಇದ್ದವನಿಗೆ ಭಯ ಯಾಕೆ?”

ಈ ಮಾತು ನನ್ನ ಕಿವಿಗೆ ಆಗಾಗ ಬೀಳುತ್ತಿರುತ್ತದೆ. ಗೌರಿಬಿದನೂರಿನಲ್ಲಿ ಕೋರ್ಟಿನ ಹತ್ತಿರ ನನ್ನದೊಂದು ಸಣ್ಣ ಅಂಗಡಿ ಇದೆ. ಟೈಪಿಂಗ್, ಡಿಟಿಪಿ, ಜೆರಾಕ್ಸ್. ವಕೀಲರು ಬರೆದುಕೊಟ್ಟ ಜಾಮೀನು ಅರ್ಜಿ, ವಕಾಲತ್ತು, ಅಫಿಡವಿಟ್ಟು ಎಲ್ಲ ಟೈಪ್ ಮಾಡಿಕೊಡುತ್ತೇನೆ. ಮದುವೆಗೆ ಮುಂಚೆ ಟೈಪ್‌ರೈಟರ್‌ನಲ್ಲಿ ಕಲಿತ ಕೆಲಸ, ಈಗ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿ ಮಾಡುತ್ತೇನೆ. ಪ್ರಿಂಟ್ ಬರುವವರೆಗೆ ಬೆಂಚಿನ ಮೇಲೆ ಕೂತವರು ಪೇಪರ್ ಓದುತ್ತಾರೆ. ಯಾರನ್ನೋ ಹಿಡಿದ ಸುದ್ದಿ ಇರುತ್ತದೆ. ಅದನ್ನು ಓದಿ ಈ ಮಾತು ಆಡುತ್ತಾರೆ. ಆಡುವವರೇನೂ ಕೆಟ್ಟವರಲ್ಲ. ನಮ್ಮ ಮನೆಯಲ್ಲೂ ಹಿರಿಯರು ಹೀಗೇ ಅನ್ನುತ್ತಿದ್ದರು. ಆದರೆ ಇಷ್ಟು ವರ್ಷ ಈ ಕಾಗದಗಳ ಮಧ್ಯೆ ಕೂತ ಮೇಲೆ ನನಗೆ ಇದನ್ನು ಕೇಳಿಕೊಂಡು ಸುಮ್ನೆ ಇರಲು ಆಗುವುದಿಲ್ಲ.

ಇಲ್ಲಿಂದ ಸುಮಾರು ಆರು ಕಿಲೋಮೀಟರ್ ದೂರದಲ್ಲಿ ವಿದುರಾಶ್ವತ್ಥ ಇದೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ನಾಗರಕಲ್ಲು ಪ್ರತಿಷ್ಠೆ ಮಾಡಿಸುವ ಜಾಗ. ಕಲ್ಲುಗಳು ಸಾವಿರಗಟ್ಟಲೆ ಇವೆ. ವಿದುರ ನೆಟ್ಟದ್ದು ಎಂದು ಹೇಳುತ್ತಿದ್ದ ಅಶ್ವತ್ಥ ಮರ 2001ರಲ್ಲಿ ಬಿದ್ದುಹೋಯಿತು. ದೂರದವರು ಬರುವುದು ದೇವರಿಗಾಗಿ. ನಮ್ಮ ಕಡೆಯವರಿಗೆ ಈ ಜಾಗ ಇನ್ನೊಂದು ಕಾರಣಕ್ಕೂ ಗೊತ್ತು. 1938ರ ಏಪ್ರಿಲ್ 25ರಂದು ಇಲ್ಲಿ ಪೊಲೀಸರು ಜನರ ಮೇಲೆ ಗುಂಡು ಹಾರಿಸಿದರು.

ಆಗ ಇದು ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆ. ಈಗ ನಾವಿರುವ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. 1938ರ ಅದೇ ಏಪ್ರಿಲ್‌ನಲ್ಲಿ ಮದ್ದೂರು ಹತ್ತಿರದ ಶಿವಪುರದಲ್ಲಿ ಧ್ವಜ ಸತ್ಯಾಗ್ರಹ ನಡೆದಿತ್ತು. ಕಾಂಗ್ರೆಸ್ಸಿನ ಬಾವುಟ ಹಾರಿಸಲು ಹೋದವರನ್ನು ಹಿಡಿದಿದ್ದರು. ಅದರ ಬಿಸಿ ನಮ್ಮ ಕಡೆಗೂ ಬಂತು. ಇಲ್ಲೂ ನಿಷೇಧಾಜ್ಞೆ ಇತ್ತು. ಆದರೂ ಜನ ಸೇರಿದರು. ಸುತ್ತಲಿನ ಹಳ್ಳಿಗಳಿಂದ ಬಾವುಟ ನೋಡಲು, ಭಾಷಣ ಕೇಳಲು ಬಂದವರು. ಗುಂಡು ಬಿದ್ದದ್ದು ಇವರ ಮೇಲೆ. ಎಷ್ಟು ಜನ ಸತ್ತರು ಎಂಬುದಕ್ಕೆ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಸರ್ಕಾರ ಹತ್ತರ ಆಸುಪಾಸಿನಲ್ಲಿ ನಿಲ್ಲಿಸಿತು. ಜನ ಹೇಳುವುದು ಮೂವತ್ತಕ್ಕೂ ಜಾಸ್ತಿ. ಇವತ್ತಿಗೂ ಆ ಎರಡು ಲೆಕ್ಕ ಒಂದಾಗಿಲ್ಲ. ಒಂದು ಊರಿನ ಬಯಲಲ್ಲಿ, ಹಗಲಲ್ಲಿ ಬಿದ್ದ ಹೆಣಗಳ ಲೆಕ್ಕ ಇದು.

ನನ್ನನ್ನು ಹೆಚ್ಚು ಕಾಡುವ ವಿಷಯ ಇನ್ನೊಂದಿದೆ. ಗುಂಡು ಹಾರಿಸಿದ್ದು ಕೆಟ್ಟ ಹೆಸರು ಪಡೆದ ಸರ್ಕಾರ ಅಲ್ಲ. ಮೈಸೂರನ್ನು ಆಗ ಮಾದರಿ ಸಂಸ್ಥಾನ ಅನ್ನುತ್ತಿದ್ದರು. ರಾಜರು ನಾಲ್ವಡಿ ಕೃಷ್ಣರಾಜ ಒಡೆಯರ್. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಅವರ ಫೋಟೊ ಇದೆ, ಇರಬೇಕಾದದ್ದೇ. ದಿವಾನರು ಸರ್ ಮಿರ್ಜಾ ಇಸ್ಮಾಯಿಲ್. ಕಾರ್ಖಾನೆಗಳನ್ನು ತಂದವರು, ಊರುಗಳನ್ನು ಚೆಂದ ಮಾಡಿದವರು. 1881ರಿಂದಲೇ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಇತ್ತು. ಆದರೆ ಆ ಸಭೆಗೆ ದಿವಾನರನ್ನು ಕುರ್ಚಿಯಿಂದ ಇಳಿಸುವ ಅಧಿಕಾರ ಇರಲಿಲ್ಲ. ಕೇಳಬಹುದಿತ್ತು, ಹೇಳಬಹುದಿತ್ತು, ಅಷ್ಟೇ. ಸೇರಬೇಡಿ ಎಂದದ್ದು ಸರ್ಕಾರ. ಗುಂಡು ಹೊಡೆದದ್ದು ಸರ್ಕಾರದವರು. ನಡೆದದ್ದೇನು ಎಂದು ನೋಡಲು ಸಮಿತಿ ನೇಮಿಸಿದ್ದೂ ಅದೇ ಸರ್ಕಾರ. ಮೇಲೆ ಎಷ್ಟೇ ಒಳ್ಳೆಯವರು ಕೂತಿರಲಿ, ಕೆಳಗೆ ಬಂದೂಕು ಹಿಡಿದು ನಿಂತವನನ್ನು ಹೊರಗಿನವರು ಯಾರೂ ಪ್ರಶ್ನೆ ಮಾಡುವ ಹಾಗಿಲ್ಲ ಎಂದರೆ ಆ ಒಳ್ಳೆತನ ವಿದುರಾಶ್ವತ್ಥದವರೆಗೆ ಬಂದು ಮುಟ್ಟುವುದಿಲ್ಲ.

ಆಮೇಲೆ ಗಾಂಧೀಜಿ ವಲ್ಲಭಭಾಯಿ ಪಟೇಲರನ್ನೂ ಆಚಾರ್ಯ ಕೃಪಲಾನಿಯವರನ್ನೂ ಕಳಿಸಿದರು. ಮೇ ತಿಂಗಳಲ್ಲಿ ಮಿರ್ಜಾ–ಪಟೇಲ್ ಒಪ್ಪಂದ ಆಯಿತು. ಸಂಸ್ಥಾನದ ಬಾವುಟದ ಜೊತೆಗೆ ಕಾಂಗ್ರೆಸ್ಸಿನ ಬಾವುಟವನ್ನೂ ಹಾರಿಸಬಹುದು ಎಂದಾಯಿತು. ಅಂದರೆ ಏಪ್ರಿಲ್‌ನಲ್ಲಿ ಯಾವುದಕ್ಕೆ ಗುಂಡು ಬಿತ್ತೋ ಅದು ಮೇನಲ್ಲಿ ತಪ್ಪೇ ಅಲ್ಲ. ಹಾಗಾದರೆ ಸತ್ತವರು ಮಾಡಿದ್ದ ತಪ್ಪೇನು? ಯಾವುದು ತಪ್ಪು, ಯಾವುದು ಸರಿ ಎಂದು ಒಂದೇ ಕೈ ಬರೆಯುತ್ತದೆ, ಅದೇ ಕೈ ಅಳಿಸುತ್ತದೆ ಎಂದರೆ “ತಪ್ಪು ಮಾಡದೇ ಇದ್ದವನು” ಎಂಬ ಮಾತಿಗೆ ಅರ್ಥ ಎಲ್ಲಿ ಉಳಿಯಿತು?

ಅದು ರಾಜರ ಕಾಲ, ಈಗ ಸಂವಿಧಾನ ಇದೆ, ಕೋರ್ಟಿದೆ ಅಂತ ಹೇಳುವವರಿದ್ದಾರೆ. ನಿಜ, ಇದೆ. ಅದಕ್ಕೇ ನಮ್ಮ ಚಿಕ್ಕಮ್ಮನ ಮಗನ ವಿಷಯ ಹೇಳಬೇಕು.

ಅವನು ಸಣ್ಣ ಗೂಡ್ಸ್ ಟೆಂಪೊ ಇಟ್ಟುಕೊಂಡಿದ್ದ. ಟೊಮೆಟೊ ಸೀಸನ್ನಿನಲ್ಲಿ ಟೊಮೆಟೊ, ಉಳಿದ ಹೊತ್ತು ರೇಷ್ಮೆಗೂಡು, ಮೇವು, ಸಿಮೆಂಟು. ಆ ವರ್ಷ ನಮ್ಮ ಸುತ್ತಮುತ್ತ ಬೋರ್‌ವೆಲ್ ಮೋಟಾರಿನ ಕೇಬಲ್ ಕಳ್ಳತನ ಜೋರಾಗಿತ್ತು. ಬಯಲುಸೀಮೆಯ ರೈತನಿಗೆ ಇದು ಎಂಥ ನಷ್ಟ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಸಾವಿರ ಅಡಿ ಕೊರೆಸಿ, ಸಾಲ ಮಾಡಿ ನೀರು ಕಂಡಿರುತ್ತಾನೆ. ರಾತ್ರೋರಾತ್ರಿ ತಾಮ್ರದ ತಂತಿ ಕತ್ತರಿಸಿಕೊಂಡು ಹೋದರೆ ಬೆಳೆ ಒಣಗುತ್ತದೆ. ರೈತರು ಸ್ಟೇಷನ್ ಮುಂದೆ ಕೂತರು. ಮೇಲಿನಿಂದ ಒತ್ತಡ ಬಂತು. ಯಾರನ್ನಾದರೂ ಹಿಡಿಯಲೇಬೇಕಿತ್ತು. ರಾತ್ರಿ ಹೊತ್ತು ಟೆಂಪೊ ಓಡಿಸುವವನು ಎಂಬುದೊಂದು ಬಿಟ್ಟು ಇವನ ಮೇಲೆ ಬೇರೆ ಯಾವ ಅನುಮಾನಕ್ಕೂ ಕಾರಣ ಇರಲಿಲ್ಲ.

ಮಂಗಳವಾರ ರಾತ್ರಿ ಮನೆಗೆ ಬಂದು “ಸ್ವಲ್ಪ ವಿಚಾರಣೆ ಇದೆ, ಬಾ” ಅಂತ ಕರೆದುಕೊಂಡು ಹೋದರು. ಯಾವ ಠಾಣೆ ಅಂತ ನಾನು ಬರೆಯುವುದಿಲ್ಲ. ಬೆಳಿಗ್ಗೆ ಚಿಕ್ಕಮ್ಮ ಊಟದ ಡಬ್ಬಿ ತೆಗೆದುಕೊಂಡು ಹೋದಳು. ಬಾಗಿಲಲ್ಲಿದ್ದವರು ಡಬ್ಬಿ ಇಸಿದುಕೊಂಡು ಒಳಗೆ ಕಳಿಸಿದರು. ಸಂಜೆ ಖಾಲಿ ಡಬ್ಬಿ ವಾಪಸ್ ಬಂತು. ಬುಧವಾರ ಹೀಗಾಯಿತು, ಗುರುವಾರವೂ ಹೀಗೇ. ಊರಿನ ಒಬ್ಬರು ಹಿರಿಯರು ಹೋಗಿ ಹುಡುಗನನ್ನು ನೋಡಬೇಕು ಅಂದಾಗ ಸಿಕ್ಕಿದ ಉತ್ತರ, ಆ ಹೆಸರಿನವರು ಯಾರೂ ಇಲ್ಲಿಲ್ಲ. ಚಿಕ್ಕಮ್ಮ ನನ್ನ ಅಂಗಡಿಗೆ ಬಂದು ಕೂತು ಹೇಳಿದ ಮಾತು ನನಗೆ ಹಾಗೇ ನೆನಪಿದೆ. “ಡಬ್ಬಿ ಇಸ್ಕೊಂಡ್ರು ಕಣೇ. ಊಟ ಮಾಡ್ದೋನು ಯಾರು ಮತ್ತೆ? ಇಲ್ಲ ಅಂತಾರಲ್ಲ, ನನ್ನ ಮಗ ಇಲ್ಲ ಅಂತಾರಲ್ಲ.”

ವಕೀಲರು ಜಾಮೀನು ಅರ್ಜಿ ಬರೆದುಕೊಟ್ಟರು. ಟೈಪ್ ಮಾಡಿದವಳು ನಾನೇ. ಆರೋಪಿಯನ್ನು ಬಂಧನದಲ್ಲಿಡಲು ಪೊಲೀಸರು ಕೋರ್ಟಿಗೆ ಕೊಡುವ ರಿಮ್ಯಾಂಡ್ ಅರ್ಜಿಯ ನಕಲು ಪಕ್ಕದಲ್ಲಿತ್ತು. ಅದರಲ್ಲಿ ಇದ್ದದ್ದು ಹೀಗೆ. ಶುಕ್ರವಾರ ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ಅನುಮಾನಾಸ್ಪದವಾಗಿ ತಿರುಗಾಡುತ್ತಿದ್ದವನನ್ನು ದಸ್ತಗಿರಿ ಮಾಡಲಾಯಿತು, ಅವನು ಕೊಟ್ಟ ಮಾಹಿತಿ ಮೇರೆಗೆ ಕೆರೆ ಏರಿ ಪಕ್ಕದ ಪೊದೆಯಿಂದ ಕೇಬಲ್ ವಶಪಡಿಸಿಕೊಳ್ಳಲಾಯಿತು. ಮಂಗಳವಾರ ರಾತ್ರಿಯಿಂದ ಶುಕ್ರವಾರ ಸಂಜೆಯವರೆಗಿನ ಹೊತ್ತು ಯಾವ ಕಾಗದದಲ್ಲೂ ಇರಲಿಲ್ಲ. ಅವನ ಅಂಗಾಲು ಊದಿಕೊಂಡದ್ದು ಆ ಹೊತ್ತಿನಲ್ಲಿ. ಕಾಗದದ ಪ್ರಕಾರ ಆಗ ಅವನು ಠಾಣೆಯಲ್ಲಿ ಇರಲೇ ಇಲ್ಲ.

ಈ ಕಾಗದಗಳಿಗೆ ಒಂದು ಲೆಕ್ಕಾಚಾರ ಇದೆ, ಅದು ಗೊತ್ತಿರುವುದು ಒಳ್ಳೆಯದು. ಪೊಲೀಸರ ಮುಂದೆ ತಪ್ಪೊಪ್ಪಿಕೊಂಡರೆ ಅದು ಕೋರ್ಟಿನಲ್ಲಿ ಸಾಕ್ಷಿ ಆಗುವುದಿಲ್ಲ. ಇದು ಬ್ರಿಟಿಷರ ಕಾಲದಿಂದ ಬಂದ ನಿಯಮ, ಹೊಸ ಸಾಕ್ಷ್ಯ ಕಾಯ್ದೆಯಲ್ಲೂ ಇದೆ. ಆದರೆ ಆರೋಪಿ ಹೇಳಿದ್ದರಿಂದ ಒಂದು ವಸ್ತು ಸಿಕ್ಕಿದರೆ, ಅದಕ್ಕೆ ಸಂಬಂಧಪಟ್ಟಷ್ಟು ಮಾತು ಸಾಕ್ಷಿ ಆಗುತ್ತದೆ. ಅದಕ್ಕೇ ಪೊಲೀಸರಿಗೆ ರಿಕವರಿ, ಅಂದರೆ ವಸ್ತು ಸಿಕ್ಕಿತು ಎಂಬ ದಾಖಲೆ, ಬೇಕು. ರಿಕವರಿ ಮಹಜರು ಬರೆಯುವವರೂ ಅವರೇ, ಅದಕ್ಕೆ ಸಾಕ್ಷಿ ಸಹಿ ಹಾಕುವ ಪಂಚರನ್ನು ಕರೆಸುವವರೂ ಅವರೇ. ನಮ್ಮ ಹುಡುಗನ ಕೇಸಿನಲ್ಲಿ ಒಬ್ಬ ಪಂಚ ಕೋರ್ಟಿನಲ್ಲಿ ನಿಂತು ನಿಜ ಹೇಳಿದರು. ಕೆರೆ ಹತ್ತಿರ ನಾನು ಹೋಗಿಲ್ಲ, ಸ್ಟೇಷನ್‌ನಲ್ಲಿ ಸಹಿ ಮಾಡಿದೆ, ಓದಿ ಹೇಳಲಿಲ್ಲ ಅಂದರು. ಆ ಮನುಷ್ಯನಿಗೆ ನಾನು ಕೈ ಮುಗಿಯುತ್ತೇನೆ. ಸ್ಟೇಷನ್ ಇರುವ ಊರಲ್ಲೇ ಬೀಡಾ ಅಂಗಡಿ ಇಟ್ಟುಕೊಂಡು ಹಾಗೆ ಹೇಳುವುದು ಸುಲಭ ಅಲ್ಲ.

ಕೇಸು ಖುಲಾಸೆ ಆಯಿತು. ಆದರೆ ಅದಕ್ಕೆ ವರ್ಷಗಳೇ ಹಿಡಿದವು. ಶ್ಯೂರಿಟಿಗೆ ಅಂತ ಚಿಕ್ಕಪ್ಪ ಪಹಣಿ ಹಿಡಿದುಕೊಂಡು ಅಲೆದಾಡಿದರು. ಟೆಂಪೊ ಸ್ಟೇಷನ್ ಮುಂದೆ ಮಳೆಯಲ್ಲಿ ನೆನೆಯಿತು. ಕಂತು ಕಟ್ಟಲಿಲ್ಲ ಅಂತ ಕೊನೆಗೆ ಫೈನಾನ್ಸಿನವರು ತೆಗೆದುಕೊಂಡು ಹೋದರು. ಗೊತ್ತಾಗಿದ್ದ ಸಂಬಂಧ ಮುರಿದುಬಿತ್ತು. ಪೇಪರಿನಲ್ಲಿ ಕೇಬಲ್ ಕಳ್ಳನ ಬಂಧನ ಅಂತ ಫೋಟೊ ಸಮೇತ ಬಂದಿತ್ತು, ಬಿಡುಗಡೆ ಆದ ಸುದ್ದಿ ಎಲ್ಲೂ ಬರಲಿಲ್ಲ. ಅವನು ಈಗ ಬೆಂಗಳೂರಿನಲ್ಲಿ ಯಾರದೋ ಗಾಡಿ ಓಡಿಸುತ್ತಾನೆ. ಊರಿಗೆ ಬಂದರೆ ಮನೆಯಿಂದ ಹೊರಗೆ ಬರುವುದು ಕಡಿಮೆ. ಇನ್ನು ಆ ರೈತರ ಕೇಬಲ್? ನಿಜವಾದ ಕಳ್ಳರನ್ನು ಯಾರೂ ಹುಡುಕಲಿಲ್ಲ. ಕೇಸು ಪತ್ತೆ ಆಗಿದೆ ಅಂತ ಫೈಲು ಮುಚ್ಚಿತ್ತಲ್ಲ. ತಪ್ಪು ಮಾಡದವನನ್ನು ಹಿಡಿದಾಗಲೆಲ್ಲ ತಪ್ಪು ಮಾಡಿದವನು ಹೊರಗೆ ಓಡಾಡಿಕೊಂಡಿರುತ್ತಾನೆ ಎಂಬುದನ್ನು ಆ ಬೆಂಚಿನ ಮೇಲೆ ಕೂತವರು ಯೋಚಿಸುವುದಿಲ್ಲ.

ಪೊಲೀಸರೆಲ್ಲ ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಕಾನ್‌ಸ್ಟೇಬಲ್‌ಗಳು ನನ್ನ ಅಂಗಡಿಗೂ ಜೆರಾಕ್ಸಿಗೆ ಬರುತ್ತಾರೆ. ನಮ್ಮ ಹಳ್ಳಿಗಳ ಮಕ್ಕಳೇ. ಹಬ್ಬ ಇಲ್ಲ, ರಜೆ ಇಲ್ಲ, ನಿದ್ದೆ ಇಲ್ಲ. ಡಬ್ಬಿ ಇಸಿದುಕೊಂಡು ಒಳಗೆ ಕೊಟ್ಟವರೂ ಅಂಥವರೇ ಒಬ್ಬರು, ಹಸಿದವನಿಗೆ ಊಟ ತಲುಪಿಸಿದರು. ಆದರೆ ಠಾಣೆಯ ಡೈರಿಯಲ್ಲಿ ಅವನ ಹೆಸರು ಬರೆಯುವ ಅಧಿಕಾರ ಅವರ ಕೈಯಲ್ಲಿರಲಿಲ್ಲ. ಬರೆಯಬೇಕಾದವರಿಗೆ ಬರೆಯದೇ ಇದ್ದರೆ ಏನಾದರೂ ಆದೀತು ಎಂಬ ಭಯ ಇರಲಿಲ್ಲ.

ಕಾನೂನು ಇಲ್ಲ ಅಂತಲ್ಲ. ಸಂವಿಧಾನದ 22ನೇ ವಿಧಿ ಬಹಳ ಸ್ಪಷ್ಟವಾಗಿದೆ. ಹಿಡಿದವರನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಬಗ್ಗೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಪತ್ರ ಬರೆದರು. ಬರೀ ಪತ್ರ. ಕೋರ್ಟು ಅದನ್ನೇ ರಿಟ್ ಅರ್ಜಿ ಎಂದು ತೆಗೆದುಕೊಂಡಿತು. 1996ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ದಸ್ತಗಿರಿ ಮಾಡುವವರು ಹೆಸರಿನ ಪಟ್ಟಿ ಧರಿಸಿರಬೇಕು. ದಿನಾಂಕ, ಹೊತ್ತು ಬರೆದ ಮೆಮೊ ಅಲ್ಲೇ ತಯಾರಾಗಬೇಕು. ಮನೆಯವರೋ ಊರಿನ ಗೌರವಸ್ಥರೋ ಅದಕ್ಕೆ ಸಾಕ್ಷಿ ಸಹಿ ಹಾಕಬೇಕು. ಸಂಬಂಧಿಕರಿಗೆ ತಿಳಿಸಬೇಕು. 48 ಗಂಟೆಗೊಮ್ಮೆ ವೈದ್ಯರ ತಪಾಸಣೆ ಆಗಬೇಕು. ಟೈಪ್ ಮಾಡುವವಳಾಗಿ ಆ ಪತ್ರವನ್ನು ನೆನೆದರೆ ನನಗೆ ಮೈ ಜುಮ್ಮೆನ್ನುತ್ತದೆ. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಪ್ರತಿ ಠಾಣೆಯಲ್ಲೂ ಸಿಸಿಟಿವಿ ಇರಬೇಕು, ಲಾಕಪ್ಪು, ವರಾಂಡ, ಒಳಬಾಗಿಲು ಹೊರಬಾಗಿಲು ಎಲ್ಲ ಕಾಣಬೇಕು, ಕಡಿಮೆ ಅಂದರೂ ಒಂದು ವರ್ಷದ ದೃಶ್ಯ ಉಳಿಯಬೇಕು ಎಂದಿತು. ನಮ್ಮ ವಕೀಲರು ಆ ದಿನಗಳ ದೃಶ್ಯ ಕೇಳಿದರು. ಕ್ಯಾಮೆರಾ ಕೆಟ್ಟಿತ್ತು ಎಂಬ ಉತ್ತರ ಬಂತು.

ಹೆಸರು ದಾಖಲೆಯಲ್ಲಿ ಇಲ್ಲ ಎಂದರೆ ಮನುಷ್ಯನೇ ಇಲ್ಲ. ಇದು ನಮ್ಮ ಒಂದು ಠಾಣೆಯ ಕಥೆ ಅಲ್ಲ. ತುರ್ತು ಪರಿಸ್ಥಿತಿಯಲ್ಲಿ, 1976ರ ಮಾರ್ಚ್ 1ರಂದು ಕೇರಳದ ಕ್ಯಾಲಿಕಟ್‌ನ ಇಂಜಿನಿಯರಿಂಗ್ ಕಾಲೇಜಿನಿಂದ ರಾಜನ್ ಎಂಬ ವಿದ್ಯಾರ್ಥಿಯನ್ನು ಪೊಲೀಸರು ಕರೆದೊಯ್ದರು. ಅವನ ತಂದೆ ಈಚರ ವಾರಿಯರ್ ಕಾಲೇಜಿನಲ್ಲಿ ಪಾಠ ಮಾಡುವ ಮೇಷ್ಟ್ರು. ಅವರು ಹೋಗದ ಕಚೇರಿ ಇಲ್ಲ. ತುರ್ತು ಪರಿಸ್ಥಿತಿ ಮುಗಿದ ಮೇಲೆ, 1977ರಲ್ಲಿ ಹೈಕೋರ್ಟಿಗೆ, ಹಿಡಿದಿಟ್ಟವನನ್ನು ಕೋರ್ಟಿನ ಮುಂದೆ ತನ್ನಿ ಎಂದು ಕೇಳುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಾಗಲೂ ಸರ್ಕಾರದ ಉತ್ತರ ಹುಡುಗನನ್ನು ಹಿಡಿದೇ ಇಲ್ಲ ಎಂದಾಗಿತ್ತು. ಹಿಡಿದದ್ದು ನಿಜ ಎಂದು ಕೋರ್ಟು ಹೇಳಿತು. ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡಬೇಕಾಯಿತು. ರಾಜನ್ ದೇಹ ಮಾತ್ರ ಕೊನೆಗೂ ಸಿಗಲಿಲ್ಲ. ಅದೇ ಕಾಲದಲ್ಲಿ ನಮ್ಮ ಬೆಂಗಳೂರಿನ ಜೈಲಿನಲ್ಲಿ ನಟಿ ಸ್ನೇಹಲತಾ ರೆಡ್ಡಿ ಇದ್ದರು. ಆಸ್ತಮಾ ಇತ್ತು. ವಿಚಾರಣೆ ಇಲ್ಲದೆ ತಿಂಗಳುಗಟ್ಟಲೆ ಇಟ್ಟು, ಉಸಿರು ನಿಲ್ಲುವ ಹೊತ್ತಿಗೆ ಪೆರೋಲಿನ ಮೇಲೆ ಬಿಟ್ಟರು. ಹೊರಗೆ ಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು.

ಆಗ ಕೇಳುವವರು ಇರಲಿಲ್ಲವೇ? ನಮ್ಮ ಕರ್ನಾಟಕ ಹೈಕೋರ್ಟು ಸೇರಿ ಹಲವು ಹೈಕೋರ್ಟುಗಳು ಬಂಧನವನ್ನು ಪ್ರಶ್ನಿಸಬಹುದು ಎಂದಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಆಗುವುದಿಲ್ಲ ಎಂದರು. ಬಂಧನವನ್ನು ಪ್ರಶ್ನಿಸುವ ಹಾಗಿಲ್ಲ ಎಂದು ಸರ್ಕಾರದ ಪರ ವಾದಿಸುತ್ತಿದ್ದ ಅಟಾರ್ನಿ ಜನರಲ್‌ಗೆ ಒಂದು ಪ್ರಶ್ನೆ ಕೇಳಲಾಗಿತ್ತು. ಒಬ್ಬ ಪೊಲೀಸ್ ಅಧಿಕಾರಿ ಅಕ್ರಮವಾಗಿ ಯಾರನ್ನಾದರೂ ಕೊಂದರೂ ಪರಿಹಾರ ಇಲ್ಲವೇ ಎಂದು. ಈ ವಾದದ ಪ್ರಕಾರ ಇಲ್ಲ ಎಂದರು ಅವರು. ಒಪ್ಪದೇ ಇದ್ದವರು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ. ಅದಕ್ಕಾಗಿ ಮುಖ್ಯ ನ್ಯಾಯಮೂರ್ತಿ ಹುದ್ದೆ ಅವರಿಗೆ ತಪ್ಪಿತು. ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟೇ ಹೇಳಿದ್ದು 2017ರಲ್ಲಿ.

ಇದನ್ನೆಲ್ಲ ಕೇಳಿದ ಒಬ್ಬರು, ತುರ್ತು ಪರಿಸ್ಥಿತಿಯ ಮಾತು ಬಿಡಮ್ಮ, ಅದು ರಾಜಕೀಯದವರ ಜಗಳ ಅಂದರು. ಹಾಗಾದರೆ ರುದುಲ್ ಶಾ ಯಾರು? ಬಿಹಾರದ ಒಬ್ಬ ಸಾಮಾನ್ಯ ಕೈದಿ. 1968ರ ಜೂನ್‌ನಲ್ಲಿ ಕೋರ್ಟು ಅವನು ನಿರ್ದೋಷಿ ಎಂದು ಬಿಟ್ಟಿತು. ಜೈಲಿನಿಂದ ಹೊರಗೆ ಬಂದದ್ದು 1982ರ ಅಕ್ಟೋಬರ್‌ನಲ್ಲಿ. ಹದಿನಾಲ್ಕು ವರ್ಷ ಅವನನ್ನು ಇಟ್ಟುಕೊಂಡದ್ದಕ್ಕೆ ಯಾರ ದ್ವೇಷವೂ ಕಾರಣ ಇರಲಿಲ್ಲ. ಇವನನ್ನು ಯಾಕೆ ಇನ್ನೂ ಇಟ್ಟಿದ್ದೀರಿ ಎಂದು ಕೇಳುವವರು ಇರಲಿಲ್ಲ, ಅಷ್ಟೇ. 1983ರಲ್ಲಿ ಸುಪ್ರೀಂ ಕೋರ್ಟು ಒಟ್ಟು 35,000 ರೂಪಾಯಿ ಪರಿಹಾರ ಕೊಡಿಸಿತು. ನಮ್ಮ ಹುಡುಗನಿಗೆ ಅದೂ ಇಲ್ಲ. ಖುಲಾಸೆ ಆದವನಿಗೆ ಕಳೆದುಹೋದ ವರ್ಷಗಳ ಲೆಕ್ಕ ಯಾರೂ ತಾವಾಗಿ ಕೊಡುವುದಿಲ್ಲ.

ತಪ್ಪು ಮಾಡಿದ ಅಧಿಕಾರಿ ಮೇಲೆ ಕೇಸು ಹಾಕೋಣ ಎಂದರೆ ಇನ್ನೊಂದು ಬಾಗಿಲು ಅಡ್ಡ ಬರುತ್ತದೆ. ಕರ್ತವ್ಯದ ಮೇಲೆ ಮಾಡಿದ ಕೆಲಸಕ್ಕೆ ವಿಚಾರಣೆ ನಡೆಸಬೇಕಾದರೆ ಸರ್ಕಾರದ ಮಂಜೂರಾತಿ ಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಇಂಥದ್ದೇ ರಕ್ಷಣೆ ಕೊಡುತ್ತದೆ. ಪ್ರಾಮಾಣಿಕ ಅಧಿಕಾರಿಗೆ ಸುಳ್ಳು ಕೇಸಿನ ಕಾಟ ಬರಬಾರದು, ಅದು ಸರಿ. ಆದರೆ ಮಂಜೂರಾತಿ ಕೊಡದೆ ಸುಮ್ಮನೆ ಕೂತುಬಿಟ್ಟರೆ ನೊಂದವರು ಎಲ್ಲಿಗೆ ಹೋಗಬೇಕು? ಹಳೇ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ 2024ರ ಜುಲೈನಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂನಲ್ಲಿ ಒಂದು ಒಳ್ಳೆಯ ಬದಲಾವಣೆ ಇದೆ. ಸರ್ಕಾರ 120 ದಿನದ ಒಳಗೆ ತೀರ್ಮಾನ ಮಾಡದೇ ಇದ್ದರೆ ಮಂಜೂರಾತಿ ಕೊಟ್ಟಂತೆ ಎಂದೇ ತಿಳಿಯಬೇಕು. ಇದನ್ನು ನಮ್ಮ ಜನ ತಿಳಿದುಕೊಳ್ಳಬೇಕು, ಬಳಸಬೇಕು.

ಹಿಂದೆ ಯಾರನ್ನಾದರೂ ಹೀಗೆ ಕರೆದುಕೊಂಡು ಹೋದರೆ ಹಳೇ ವಕೀಲರು ಮೊದಲು ಮಾಡಿಸುತ್ತಿದ್ದ ಕೆಲಸ ಟೆಲಿಗ್ರಾಂ. ಎಸ್‌ಪಿಗೆ ಒಂದು, ಮ್ಯಾಜಿಸ್ಟ್ರೇಟರಿಗೆ ಒಂದು. ಅದರ ಮೇಲೆ ದಿನಾಂಕ, ಹೊತ್ತು ಇರುತ್ತಿತ್ತು. ಆಮೇಲೆ ಶುಕ್ರವಾರ ಹಿಡಿದೆವು ಅಂದರೆ, ಬುಧವಾರದ ಟೆಲಿಗ್ರಾಂ ಎದುರಿಗೆ ನಿಲ್ಲುತ್ತಿತ್ತು. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತುಹೋಯಿತು. ಈಗ ಇಮೇಲ್ ಇದೆ, ಸ್ಪೀಡ್ ಪೋಸ್ಟ್ ಇದೆ. ಕರೆದುಕೊಂಡು ಹೋದ ದಿನವೇ ಕಳಿಸಿ. ಯಾರು ಬಂದರು, ಎಷ್ಟು ಹೊತ್ತಿಗೆ, ಯಾವ ಗಾಡಿಯಲ್ಲಿ, ನೋಡಿದವರು ಯಾರು, ಇಷ್ಟು ಬರೆದರೆ ಸಾಕು. ಡಬ್ಬಿ ಕೊಟ್ಟಿದ್ದರೆ ಅದನ್ನೂ ಬರೆಯಿರಿ, ಯಾರ ಕೈಗೆ ಕೊಟ್ಟಿರಿ ಅಂತ. ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ನಂಬರು, ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಗೌರಿಬಿದನೂರಿನ ಕಡೆಯವರಾದರೆ ನನ್ನ ಅಂಗಡಿಗೆ ಬನ್ನಿ. ಇಂಥ ಪತ್ರಕ್ಕೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ. ಅಂಗಡಿ ಮುಚ್ಚಿದ್ದರೆ ಹಿಂದುಗಡೆಯೇ ಮನೆ, ಎಷ್ಟು ಹೊತ್ತಾದರೂ ಬಾಗಿಲು ತಟ್ಟಿ.